ಕಣಗಳು ಕಳೆದುಹೋದ ಕೋಣೆ

ಗೋಡೆಯನ್ನು ನೆಲದ ಮೇಲೆ ಕಟ್ಟುವವರಿಗಷ್ಟೇ ಅಲ್ಲ, ಗಣಕಯಂತ್ರದೊಳಗೆ ಕಟ್ಟುವವರಿಗೂ ಎಡವಟ್ಟುಗಳು ತಪ್ಪುವುದಿಲ್ಲ. ಎರಡನೆಯವರು ಒಪ್ಪಿಕೊಳ್ಳುವುದು ಕಡಿಮೆ, ಅಷ್ಟೆ.

ಗದಗ ಹೊಸದಾಗಿ ಜಿಲ್ಲೆಯಾಗಿದ್ದ ಕಾಲ. ಊರಿನ ಆಸ್ಪತ್ರೆಯೊಂದರಲ್ಲಿ ಕ್ಯಾನ್ಸರಿನ ವಿಕಿರಣ ಚಿಕಿತ್ಸೆಗೆ ಕೋಣೆ ಏಳುತ್ತಿತ್ತು. ನಾನು ಅಲ್ಲಿನ ಭೌತವಿಜ್ಞಾನಿ. ಆ ಕೋಣೆಯನ್ನು ಗಣಕಕ್ಕೆ ಅಂಕೆಗಳಲ್ಲಿ ಬರೆದುಕೊಟ್ಟು, ಅದರೊಳಗೆ ವಿಕಿರಣದ ಲಕ್ಷಗಟ್ಟಲೆ ಕಲ್ಪಿತ ಕಣಗಳನ್ನು ಹರಿಯಬಿಟ್ಟು, ಗೋಡೆಯಾಚೆ ಎಷ್ಟು ದಾಟುತ್ತವೆಂದು ತೋರಿಸಿದರೆ ಮಾತ್ರ ಚಿಕಿತ್ಸೆ ಶುರುಮಾಡಲು ಸರ್ಕಾರದ ಒಪ್ಪಿಗೆ ದೊರೆಯುತ್ತಿತ್ತು. ಕೋಣೆ ಕಟ್ಟುತ್ತಿದ್ದ ಲಕ್ಷ್ಮೇಶ್ವರದ ಹಿರಿಯ ಮೇಸ್ತ್ರಿಯ ಅಕ್ಕನಿಗೂ ಇದೇ ಚಿಕಿತ್ಸೆ ಆಗಬೇಕಿತ್ತು. ಒಪ್ಪಿಗೆ ತಡವಾದರೆ ಆಕೆ ಮುಂಡರಗಿಯಿಂದ ಹುಬ್ಬಳ್ಳಿಗೆ ದಿನವೂ ಅಲೆಯಬೇಕು. ಆದ್ದರಿಂದ ಮೇಸ್ತ್ರಿ ಬೆಳಗಾದರೆ, ‘ಮೇಡಂ’ ಎನ್ನುವಲ್ಲಿ ‘ಬಾಯಾರ’ ಎನ್ನುತ್ತ, ಕೇಳುತ್ತಿದ್ದರು: “ಬಾಯಾರ, ನಿಮ್ಮ ಗ್ವಾಡಿ ಎಲ್ಲೀತನಕ ಬಂತ್ರಿ?”

೧. ಬದುವಿನ ಜಗಳ

ಮೊದಲ ದಿನವೇ ಕಣವೊಂದು ಮೂಲೆಯಲ್ಲಿ ನಿಂತುಬಿಟ್ಟಿತು. ಎರಡು ಗೋಡೆಗಳನ್ನು ನಾನು ಒಂದರೊಳಗೊಂದು ನುಗ್ಗುವಂತೆ ಬರೆದಿದ್ದೆ. ಆ ಮೂಲೆ ಯಾವ ಗೋಡೆಗೆ ಸೇರಿದ್ದೆಂದು ತಿಳಿಯದೆ ಗಣಕ ಕೈಚೆಲ್ಲಿತ್ತು.

ಮೇಸ್ತ್ರಿ ಪರದೆಯನ್ನು ನೋಡಿ ಹೇಳಿದರು: “ಹಿರೇವಡ್ಡಟ್ಟ್ಯಾಗ ನಮ್ಮ ಮಾವಂದಿರ ಹೊಲದ ಬದುವಿನಂಗ ಆತಲ್ರಿ. ಇಬ್ಬರೂ ನಂದ ಅಂತಾರ.”

“ಅವರು ಹೇಗೆ ಬಗೆಹರಿಸಿಕೊಂಡರು?”

“ಇನ್ನೂ ನಡದೈತ್ರಿ. ನಿಮ್ಮದು ಜಲ್ದಿ ಮುಗೀತಂದ್ರ ಅವರನ್ನೂ ಇಲ್ಲಿಗೇ ಕಳಸ್ತೇನಿ.”

೨. ಹೊರಗೆ ಏನಿದೆ

ಮೂಲೆ ಸರಿಹೋಯಿತು. ಈಗ ಗೋಡೆ ದಾಟಿದ ಪ್ರತಿ ಕಣವೂ ಕಳೆದುಹೋಯಿತೆಂದು ಗಣಕ ದೂರತೊಡಗಿತು. ಮೂರು ಮಧ್ಯಾಹ್ನ ಹುಡುಕಿದೆ. ಕಿಟಕಿಯಾಚೆ ಹತ್ತಿಯ ಎಳೆಗಳು ಬಿಸಿಲಿನಲ್ಲಿ ಅವಸರವಿಲ್ಲದೆ ತೇಲುತ್ತಿದ್ದವು. ನನ್ನ ಕಣಗಳೂ ಹೀಗೆಯೇ ಎತ್ತಲೋ ತೇಲಿಹೋಗಿರಬೇಕೆಂದು ನೋಡುತ್ತ ಕುಳಿತಿದ್ದೆ.

ಎದುರಿನ ಮೇಜಿನ ಟೈಪಿಸ್ಟ್ ಶಿರಹಟ್ಟಿಯವಳು. ಕೈಕೆಲಸ ಬಿಟ್ಟು ಕೇಳಿದಳು: “ಗ್ವಾಡಿ ದಾಟಿದ ಮ್ಯಾಲೆ ಅವು ಎಲ್ಲಿಗೆ ಹೋಗಬೇಕ್ರಿ ಮೇಡಂ?”

“ಹೊರಗೆ.”

“ಹೊರಗ ಏನಂತ ಬರದೀರಿ?”

ನೋಡಿದೆ. ಏನನ್ನೂ ಬರೆದಿರಲಿಲ್ಲ. ಗೋಡೆ, ಬಾಗಿಲು, ಚಾವಣಿ ಎಲ್ಲವನ್ನೂ ಅಳೆದು ಬರೆದವಳು ಜಗತ್ತನ್ನೇ ಮರೆತಿದ್ದೆ.

“ಶಿರಹಟ್ಟಿ ರಸ್ತಾನರ ಬರೀಬೇಕಿಲ್ರಿ,” ಎಂದಳು ಆಕೆ. “ಪಾಪ, ಅವಕ್ಕ ಬಸ್ಸರ ಸಿಗ್ತಿತ್ತು.”

೩. ದೀಪದ ಮಾಡ

ಹೊರಜಗತ್ತನ್ನೂ ಬರೆದ ಮೇಲೆ, ಕೊನೆಗೊಂದು ಸಂಜೆ ಒಂದು ಕಣವೂ ಕಳೆದುಹೋಗಲಿಲ್ಲ. ಮುದ್ರಿಸಿದ ನಕ್ಷೆಯನ್ನು ಹಿಡಿದು, ತಲೆಯೆತ್ತಿಕೊಂಡೇ ಕೋಣೆಗೆ ಹೋದೆ. ನಕ್ಷೆಯಲ್ಲಿಲ್ಲದ ಪುಟ್ಟ ಗೂಡೊಂದು ಗೋಡೆಯ ಒಳಮೈಯಲ್ಲಿತ್ತು. ಅದರ ನೇರಕ್ಕೆ, ಗೋಡೆಯಾಚೆ, ರೋಗಿಗಳ ಮನೆಯವರು ಕೂರುವ ಬೆಂಚು.

“ಇದೇನು?” ಅಲ್ಲೇ ಇದ್ದ ಮೇಸ್ತ್ರಿಯನ್ನು ಕೇಳಿದೆ.

“ದೀಪದ ಮಾಡ್ರಿ. ಇಷ್ಟು ದಪ್ಪ ಗ್ವಾಡಿಗೆ ಒಂದು ಮಾಡ ಇಲ್ಲಂದ್ರ ಹೆಂಗ್ರಿ? ಒಳಗ ಅಕ್ಕ ಒಬ್ಬಾಕಿನ ಮಲಗಬೇಕು. ದೀಪ ಕಂಡ್ರ ಜೀವಕ್ಕ ಧೈರ್ಯ.”

ಆ ದಪ್ಪ ಗೋಡೆಯ ಮಡಿಲಲ್ಲಿ ಸಣ್ಣದೊಂದು ಜ್ವಾಲೆ ಅಲುಗುವುದು ಒಂದು ಗಳಿಗೆ ನನಗೂ ಕಂಡಿತು. ಆದರೆ ಮಾಡವನ್ನು ಗಣಕದಲ್ಲಿ ಸೇರಿಸಿ ಕಣಗಳನ್ನು ಬಿಟ್ಟಾಗ, ಬೆಂಚಿನ ಬಳಿ ಅವು ಮಿತಿ ಮೀರಿ ದಾಟಿದವು. ಮೇಸ್ತ್ರಿಯವರಿಗೆ ತೋರಿಸಿದೆ.

“ಅಕ್ಕನ ಸಲುವಾಗಿ ಹೊರಗ ಕುಂತವರಿಗೆ ತ್ರಾಸ ಬ್ಯಾಡ್ರಿ,” ಎಂದು ತಾವೇ ಕಾಂಕ್ರೀಟು ತುಂಬಿ ಮುಚ್ಚಿದರು.

ತಪಾಸಣೆಯ ಅಧಿಕಾರಿ ಬಂದರು. ಕೋಣೆಯಲ್ಲಿ ಒಂದು ಲೋಪವೂ ಸಿಗಲಿಲ್ಲ. ನನ್ನ ಪರದೆಯ ಮುಂದೆ ಕುಳಿತವರು ಬೆರಳಿಟ್ಟು ಕೇಳಿದರು: “ಈ ಗೂಡು ಎಲ್ಲಿದೆ?”

ಅದನ್ನು ಅಳಿಸಲು ನಾನು ಮರೆತಿದ್ದೆ. ಅವರೆದುರೇ ಅಳಿಸಿ ಮತ್ತೆ ಕಣಗಳನ್ನು ಬಿಟ್ಟೆ. ಸಂಜೆಯವರೆಗೆ ಕಾದು, ಫಲಿತಾಂಶ ನೋಡಿ, ಅವರು ಸಹಿ ಹಾಕಿದರು.

ಬಾಗಿಲಲ್ಲಿ ನಿಂತಿದ್ದ ಮೇಸ್ತ್ರಿ ಆಗ ನನ್ನ ಪರವಾಗಿ ತಗ್ಗಿದ ದನಿಯಲ್ಲಿ ಹೇಳಿದರು: “ಗ್ವಾಡ್ಯಾಗಿಂದು ನಾ ಅವತ್ತ ಮುಚ್ಚೇನ್ರಿ ಸಾಹೇಬ್ರ. ತಮ್ಮದನ್ನ ಅಳಸಾಕ ಬಾಯಾರಿಗೇ ಮನಸ್ಸು ಬರಲಿಲ್ಲ ನೋಡ್ರಿ.”