ಹನ್ನೆರಡು ಲೀಡರು, ಒಂದು ತೋಳದ ಗವಿ

ನನಗೆ ಸಿಟ್ಟು ಬರುವಂಥದ್ದು ದಿನಕ್ಕೊಂದಾದರೂ ನಡೀತದೆ. ನಡೆಯದ ದಿವಸ ಅಜ್ಜಿಗೆ ಮೈ ಹುಷಾರಿಲ್ಲ ಅಂತ ಮನೆಯೋರು ಗಾಬರಿ ಬೀಳ್ತಾರೆ. ನಾನು ಸಿಟ್ಟಿನಲ್ಲಿ ಹೇಳಿದ್ದನ್ನ ಊರು ನಗ್ತಾ ಕೇಳ್ತದೆ. ಕೇಳಲಿ. ಆದರೆ ತೋಳದ ಮರಿ ಉಳಿಸೋಕೆ ಹೊರಟ ಆ ಹದಿನೈದು ದಿನದಲ್ಲಿ ಬಂದಷ್ಟು ಸಿಟ್ಟು ಮದುವೆಯಾದಾಗಿಂದ ಬಂದಿರಲಿಲ್ಲ.

ನಮ್ಮದು ಮದಕರಿಪುರದ ಕಡೆ ಕುರಿ ಸಾಕೋ ಮನೆ. ಹಿಂದಿನ ಗುಡ್ಡದಲ್ಲಿ ತೋಳವೊಂದು ಮರಿ ಹಾಕಿತ್ತು. ಬಂದು ನಮ್ಮದೇ ಕುರಿಮರಿ ಎತ್ತಿಕೊಂಡು ಹೋಯ್ತು. ಊರಿಗೆ ಹಿರಿಯನಾದ ನನ್ನ ಮೈದುನ, "ಗವಿ ಹುಡುಕಿ ಹೊಗೆ ಹಾಕಾಣ, ಮರಿಗಳೆಲ್ಲ ಒಳಗೇ ಸಾಯ್ಲಿ" ಅಂದ. ದುರ್ಗದ ಕಾಲೇಜಿಗೆ ಹೋಗೋ ನನ್ನ ಮೊಮ್ಮಗಳು ಅಡ್ಡ ನಿಂತಳು.

"ಹದಿನೈದು ದಿನ ಕೊಡು ತಾತ. ಮರಿ ಓಡಾಡಂಗಾದ್ರೆ ತಾಯಿ ಕರ್ಕಂಡು ಹೋಗ್ತೈತೆ. ಅಲ್ಲೀತಂಕ ಕುರಿಮರಿಗಳ್ನ ನಾನೂ ನನ್ನ ಗೆಳೆಯರೂ ಕಾಯ್ತೀವಿ. ಒಂದು ಹೋದ್ರೂ ಗವಿ ನಾನೇ ತೋರಿಸ್ತೀನಿ."

ಗವಿ ಎಲ್ಲಿದೆ ಅಂತ ಗೊತ್ತಿದ್ದದ್ದು ಅವಳಿಗೆ, ನನಗೆ. ಅಷ್ಟೇ.

೧. ಪೀಪಿ

ಮಾರನೇ ದಿನ ಹಸಿರು ಅಂಗಿ ತೊಟ್ಟ ಅವಳ ಕಾಲೇಜಿನ ಹನ್ನೆರಡು ಮಕ್ಕಳು ಬಂದಿಳಿದರು. "ನಿಮ್ಮಾಗೆ ಲೀಡರ್ ಯಾರಪ್ಪ?" ಅಂದೆ.

"ನಾವೆಲ್ಲ ಲೀಡರೇ ಅಜ್ಜಿ. ನಾನು ನೀರಿನ ಲೀಡರ್."

"ನಾನು ಹೆಜ್ಜೆ ಗುರುತಿನ ಲೀಡರ್."

"ನಾನು ಫೋಟೋ ಲೀಡರ್."

"ಅಂಗಾರೆ ನಿಮ್ಮ ಮಾತು ಕೇಳೋರು ಯಾರು?" ಅಂದೆ. ಎಲ್ಲರ ಕೊರಳಲ್ಲೂ ಒಂದೊಂದು ಪೀಪಿ ಬೇರೆ.

ನಮ್ಮ ಕುರಿಗಳಿಗೆ ಸೀಟಿ ಕೇಳಿದರೆ ನೀರಿಗೆ ಬರೋ ಅಭ್ಯಾಸ. ಮಧ್ಯಾಹ್ನ ನೀರಿನ ಲೀಡರ್ ತೊಟ್ಟಿ ಹತ್ತಿರ ನಿಂತು, ಮೀಟಿಂಗ್ ಅಂತ ಪೀಪಿ ಊದಿದ. ಮಿಕ್ಕ ಲೀಡರುಗಳು ಕರೆದದ್ದು ಇನ್ಯಾರನ್ನೋ ಅಂದುಕೊಂಡು ಕೂತಲ್ಲೇ ಕೂತರು. ನನ್ನ ಕುರಿ ಮಾತ್ರ ಒಂದೂ ಬಿಡದೆ ಮೇವು ಬಿಟ್ಟು ಓಡಿ ಬಂದು ಅವನನ್ನ ತೊಟ್ಟಿಗೇ ನೂಕಿದವು.

"ಲೇ, ಆ ಪೀಪಿ ಕಿತ್ತು ಬಿಸಾಕೋ!" ಅಂತ ಕೋಲು ಹಿಡಿದು ಓಡಿದೆ.

ಅವನು ಸೊಂಟದವರೆಗೆ ನೀರಿನಲ್ಲಿ ನಿಂತು, "ಬೈಬೇಡ ಅಜ್ಜಿ, ಹಾಜರಿ ಚೆನ್ನಾಗೈತೆ" ಅಂದ.

೨. ಕೆಂಚ

ಐದನೇ ದಿನ ಫೋಟೋ ಲೀಡರ್ ಪೊದೆಯಿಂದ "ತೋಳ! ತೋಳ ಸಿಕ್ತು!" ಅಂತ ಕೂಗಿಕೊಂಡು ಬಂದ. ಊರೇ ಕೋಲು ಹಿಡಿದು ಎದ್ದಿತು. ಮೈದುನ ಕೊಡಲಿ ತಂದ. ಮೊಮ್ಮಗಳ ಮುಖ ಬಿಳಿಚಿಕೊಂಡಿತು. ಹುಡುಗ ಆಗಲೇ ಫೋಟೋನ ಮೊಬೈಲಿನಲ್ಲಿ ಲೋಕಕ್ಕೆಲ್ಲ ಕಳಿಸಿದ್ದ.

ಕಿತ್ತುಕೊಂಡು ನೋಡಿದೆ. ನಮ್ಮ ನಾಯಿ ಕೆಂಚ! ನಾನು ಮುದ್ದೆ ಹಾಕೋ ತಟ್ಟೆ ಕಚ್ಚಿಕೊಂಡು ನಿಂತಿದ್ದಾನೆ.

"ಕಣ್ಣು ಎಲ್ಲಿಟ್ಟಿದೀಯೋ? ತೋಳದ ಬಾಯಾಗೆ ನನ್ನ ತಟ್ಟೆ ಹೆಂಗೆ ಬಂತು?"

"ನನಗೂ ಅದೇ ಆಶ್ಚರ್ಯ ಆತು ಅಜ್ಜಿ. ಅಪರೂಪದ ನಡವಳಿಕೆ ಅಂತ ಕೆಳಗೆ ಬರ್ದಿದೀನಿ."

೩. ತಂದೆ

ಬೈದೆ, ಬೈದು ಉಣ್ಣೋಕೆ ಇಕ್ಕಿದೆ. ಯಾಕೆ ಅಂದರೆ ಕಾಲಿಗೆಲ್ಲ ಮುಳ್ಳು ನೆಟ್ಟರೂ ಆ ಮಕ್ಕಳು ಕುರಿ ರೊಪ್ಪದ ಬಾಗಿಲು ಬಿಟ್ಟು ಕದಲಲಿಲ್ಲ. ಒಂದು ಕುರಿಮರಿಯೂ ಹೋಗಲಿಲ್ಲ.

ಹನ್ನೆರಡನೇ ದಿನ ಆ ಫೋಟೋ ಸುದ್ದಿ ಕೇಳಿ ಪೇಟೆಯಿಂದ ಬಿಳಿ ಬಟ್ಟೆಯ ಒಬ್ಬ ಮುಖಂಡ, ಹಿಂದೆ ಪೇಪರಿನೋರನ್ನ ಕಟ್ಟಿಕೊಂಡು ಜೀಪಿನಲ್ಲಿ ಬಂದ. "ಗವಿ ಮುಂದೆ ಒಂದು ಫೋಟೋ ತೆಗೀಬೇಕು."

"ಬ್ಯಾಡ ಸಾರ್" ಅಂದಳು ಮೊಮ್ಮಗಳು. "ಜನ ಹೋದ್ರೆ ತಾಯಿ ಬೆದರ್ತೈತೆ. ಊರೋರಿಗೂ ಜಾಗ ಗೊತ್ತಾಗ್ತೈತೆ."

"ಏ ಹುಡ್ಗಿ, ನೀನು ಲೀಡರ್ ಆದ್ರೆ ನಾನ್ಯಾರು? ತೋರಿಸ್ತೀಯೋ, ಕಾಲೇಜಿಗೆ ಫೋನ್ ಮಾಡ್ಲೋ?"

ಬಿಸಿಲಲ್ಲಿ ಒಣಗಿದ ಹುಡುಗಿ ಕಣ್ಣಲ್ಲಿ ನೀರು ತುಂಬಿತು. ನನ್ನ ಮೈಯೆಲ್ಲ ಉರಿದು ಹೋಯ್ತು.

"ನಾ ತೋರಿಸ್ತೀನಿ ಬರ್ರಿ ಸಾಹೇಬ್ರೆ" ಅಂದೆ.

"ಅಜ್ಜಿ!" ಅಂದಳು.

"ನೀ ಸುಮ್ನಿರು" ಅಂದೆ.

ತೋಳದ ಗವಿ ಇದ್ದದ್ದು ಗುಡ್ಡದ ಪಡುವಣಕ್ಕೆ. ನಾನು ಸುಡುಬಿಸಿಲಲ್ಲಿ, ಜಾಲಿ ಮುಳ್ಳಿನ ನಡುವೆ ಎರಡು ಸುತ್ತು ತಿರುಗಿಸಿ, ಮೂಡಣದ ಒಂದು ಬಿಲದ ಮುಂದೆ ನಿಲ್ಲಿಸಿದೆ. ಅದು ಮುಳ್ಳುಹಂದಿಯದು. ಮುಖಂಡ ಬಿಲಕ್ಕೆ ಬೆನ್ನು ಹಾಕಿ ಕುಕ್ಕರುಗಾಲಲ್ಲಿ ಕೂತು, "ಈ ಮರಿಗಳಿಗೆ ನಾನೇ ತಂದೆ ಇದ್ದಂಗೆ" ಅಂತ ಶುರು ಮಾಡಿದ.

ಬೆದರಿದ ಮುಳ್ಳುಹಂದಿ ಒಳಗೆ ಮೈಮುಳ್ಳು ಒದರಿತು. ಜರಜರಜರ ಅಂದಿತು ಬಿಲ.

"ತೋಳ!" ಅಂದವನು ಒಂದು ಚಪ್ಪಲಿ ಅಲ್ಲೇ ಬಿಟ್ಟು ಓಡಿದ. ಜೀಪು ಹತ್ತೋವರೆಗೂ ನಿಲ್ಲಲಿಲ್ಲ. ಮಕ್ಕಳನ್ನ ಬಿಟ್ಟು ಅಷ್ಟು ಜೋರಾಗಿ ಓಡೋ ತಂದೇನ ನಾನೆಲ್ಲೂ ಕಂಡಿಲ್ಲ.

ಬಿಲದ ಬಾಯಲ್ಲಿ ಉದುರಿದ್ದ ಒಂದು ಮುಳ್ಳನ್ನ ಎತ್ತಿ ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡೆ.

೪. ಸನ್ಮಾನ

ಮಾರನೇ ದಿನ ಪೇಪರಿನಲ್ಲಿ ಫೋಟೋ ಬಂತು: ತೋಳಕ್ಕೆ ಎದೆಗೊಟ್ಟ ಧೀರ. ಮೈದುನ ಅದನ್ನ ಓದಿಸಿಕೊಂಡು, "ನಾವೇನು ಗವಿ ಹುಡುಕ್ಲಿಲ್ಲ, ಅವ್ರೇ ಪೇಪರಿಗೆ ಹಾಕವ್ರೆ" ಅಂತ ಜನ ಕಟ್ಟಿಕೊಂಡು ಹೋಗಿ ಆ ಬಿಲಕ್ಕೆ ಹೊಗೆ ಹಾಕಿದ. ಮುಳ್ಳುಹಂದಿ ಇನ್ನೊಂದು ಬಾಯಿಂದ ಯಾವಾಗಲೋ ಹೊರಟು ಹೋಗಿತ್ತು. ಇವರು ಕಣ್ಣು ಕೆಂಪಗೆ ಮಾಡಿಕೊಂಡು ಬಂದು, "ತೋಳದ ಕಥೆ ಮುಗೀತು" ಅಂತ ಸಾರಿದರು. ನಾನೂ ಮೊಮ್ಮಗಳೂ ಅವರಿಗೆ ಕಣ್ಣು ತೊಳೆಯೋಕೆ ನೀರು ಕೊಟ್ಟೆವು.

ಹದಿನೈದನೇ ದಿನ ಬೆಳಿಗ್ಗೆ ತಾಯಿತೋಳ ಮೂರು ಮರಿ ಹಿಂದೆ ಹಾಕಿಕೊಂಡು ಗುಡ್ಡದ ಏಣು ದಾಟಿ ಆಚೆ ಹೋಯ್ತು. ಮೊಮ್ಮಗಳು ನನ್ನ ಕೈ ಬಿಗಿಯಾಗಿ ಹಿಡಿದುಕೊಂಡಳು. ನನ್ನ ಕುರಿಮರಿ ತಿಂದ ಪ್ರಾಣಿಗೆ ನನ್ನ ಕಣ್ಣು ಯಾಕೆ ಒದ್ದೆಯಾಯ್ತೋ, ಅದಕ್ಕೂ ಸಿಟ್ಟು ಬಂತು.

ಆಮೇಲೆ ದುರ್ಗದಲ್ಲಿ ಸನ್ಮಾನ ಇಟ್ಟರು. ಯಾರಿಗೆ? ಆ ಓಡಿದ ತಂದೆಗೆ! ಮುಳ್ಳು ತುಳಿದ ಮಕ್ಕಳು ಕುರ್ಚಿ ಹಾಕಬೇಕು, ನೀರು ಕೊಡಬೇಕು. ಗವಿ ತೋರಿಸಿದೋಳು ಅಂತ ನನ್ನನ್ನೂ ವೇದಿಕೆಗೆ ಕರೆದರು. ನಾನು ಚೀಲದಿಂದ ಮುಳ್ಳು ತೆಗೆದು ಕೊಟ್ಟೆ.

"ನಿಮ್ಮ ತೋಳದ ಕೂದ್ಲು ಸಾಹೇಬ್ರೆ. ಗವಿ ಬಾಯಾಗೆ ಸಿಕ್ತು."

ಗೇಣುದ್ದದ ಆ ಕಪ್ಪು ಬಿಳುಪಿನ ಮುಳ್ಳನ್ನ ಅವನು ಎತ್ತಿ ಹಿಡಿದು, "ನೋಡಿ ಬಂಧುಗಳೇ! ಇಂಥಾ ಕೂದಲಿನ ತೋಳವನ್ನು ನಾನು ಎದುರಿಸಿದೆ!" ಅಂದ. ಹಿಂದೆ ಕೂತಿದ್ದ ಕುರಿ ಕಾಯೋರಲ್ಲಿ ಒಬ್ಬ ಕಿಸಕ್ಕಂದ. ಆಮೇಲೆ ಸಭೆಯೇ ಬಿದ್ದು ಬಿದ್ದು ನಕ್ಕಿತು. ಹನ್ನೆರಡು ಲೀಡರುಗಳೂ ತಂದಿದ್ದ ಕುರ್ಚಿ ಮೇಲೆ ತಾವೇ ಕೂತು ಹೊಟ್ಟೆ ಹಿಡಿದುಕೊಂಡರು.

ಮೈದುನ ಮಾತ್ರ ನಗಲಿಲ್ಲ. ಎದ್ದು ನಿಂತು, "ಅತ್ತಿಗೆ, ಅಂಗಾರೆ ಅವತ್ತು ನಾವು ಹೊಗೆ ಹಾಕಿದ್ದು ಮುಳ್ಳಂದಿಗಾ?" ಅಂತ ಕೂಗಿದ.

"ಕುಂತ್ಕಳಪ್ಪ" ಅಂದೆ ಮೈಕಿನಲ್ಲೇ. "ಮುಳ್ಳಂದಿಯ ತಂದೆಯೋರು ಇನ್ನೂ ಮಾತು ಮುಗಿಸಿಲ್ಲ."