ಗ್ಯಾಲರಿಯಲ್ಲಿ ಕೂತು ಬಂದವರು

ನನಗೆ ಬಿ.ಪಿ. ಇಲ್ಲ, ಶುಗರ್ ಇಲ್ಲ. ಐವತ್ತು ದಾಟಿದ ಮೇಷ್ಟ್ರಿಗೆ ಇದು ಸ್ವಲ್ಪ ನಾಚಿಕೆಯ ವಿಷಯವೇ. ಸ್ಟಾಫ್ ರೂಮಿನಲ್ಲಿ ಎಲ್ಲರೂ ತಮ್ಮ ತಮ್ಮ ಮಾತ್ರೆಗಳ ಹೆಸರು ಹೇಳಿಕೊಳ್ಳುವಾಗ ನಾನು ಬಾಯಿ ಮುಚ್ಚಿಕೊಂಡು ಕೂರಬೇಕು. ನನಗಿರುವುದು ಹೊಟ್ಟೆಕಿಚ್ಚು ಒಂದೇ. ಅದೂ ಎಲ್ಲರ ಮೇಲಲ್ಲ. ಪಕ್ಕದ ಮನೆಯವರು ಕಾರು ತಂದಾಗ ಹೋಗಿ ಎರಡು ಲಾಡು ತಿಂದು ಬಂದೆ. ನನ್ನ ಷಡ್ಡಕ ಮಂಡ್ಯದ ಗುತ್ತಲಿನಲ್ಲಿ ನಮ್ಮ ಮನೆಯೆದುರೇ ಎರಡಂತಸ್ತು ಕಟ್ಟಿಸಿ ನಮ್ಮ ಬಿಸಿಲನ್ನೆಲ್ಲ ಕಿತ್ತುಕೊಂಡಾಗಲೂ ನನಗೆ ಊಟ ಸೇರಿತು. ನಿಜವಾಗಿ ಹೊಟ್ಟೆ ಉರಿದದ್ದು ನಮ್ಮ ಶಾಲೆಯ ಪಿ.ಟಿ. ಮೇಷ್ಟ್ರು ನಂಜೇಗೌಡರು ದೆಹಲಿಗೆ ಹೋಗಿ ಲೋಕಸಭೆಯನ್ನು ಕಣ್ಣಾರೆ ನೋಡಿಕೊಂಡು ಬಂದಾಗ.

ನೀವೇ ನ್ಯಾಯ ಹೇಳಿ. ಮಳವಳ್ಳಿ ಕಡೆಯ ಒಂದು ಹೈಸ್ಕೂಲಿನಲ್ಲಿ ಇಪ್ಪತ್ನಾಲ್ಕು ವರ್ಷದಿಂದ ಸಮಾಜ ವಿಜ್ಞಾನ ಕಲಿಸುತ್ತಿರುವವನು ನಾನು. ಸಂಸತ್ತಿನ ರಚನೆ ಮತ್ತು ಅಧಿಕಾರಗಳು ನನ್ನ ಪಾಠ. ಹಣಕಾಸು ಮಸೂದೆ ಲೋಕಸಭೆಯಲ್ಲೇ ಮೊದಲು ಮಂಡನೆಯಾಗಬೇಕು, ರಾಜ್ಯಸಭೆ ಅದನ್ನು ಹದಿನಾಲ್ಕು ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ ಎನ್ನುವುದನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಒಂದು ಭಾನುವಾರ ಮಧ್ಯಾಹ್ನ ನನ್ನ ಹೆಂಡತಿ ಎಬ್ಬಿಸಿ, "ಹಾಲು ಉಕ್ತಾ ಇತ್ತಲ್ಲ, ನೋಡ್ಲಿಲ್ವಾ?" ಎಂದು ಕೇಳಿದ್ದಕ್ಕೂ ಇದನ್ನೇ ಹೇಳಿದೆನಂತೆ. ಇಂಥ ನಾನು ಮಂತ್ರಾಲಯದಿಂದ ಆಚೆಗೆ ಹೋದವನಲ್ಲ. ನಂಜೇಗೌಡರೋ, ಬಸರಾಳಿನವರು, ಒಳ್ಳೆಯ ಕಬಡ್ಡಿ ಆಟಗಾರರು. ರಾಜ್ಯಸಭೆ ಮಹಡಿಯ ಮೇಲಿರುವುದರಿಂದ ಅದಕ್ಕೆ ಮೇಲ್ಮನೆ ಎನ್ನುತ್ತಾರೆ ಎಂದು ನಂಬಿಕೊಂಡಿದ್ದವರು. ಮಾವನ ಮನೆಯವರ ಜೊತೆ ಕಾಶಿಗೆ ಹೋಗಿದ್ದರು, ಬರುವಾಗ ದೆಹಲಿಯಲ್ಲಿ ಇಳಿದರು, ಅಲ್ಲಿ ಯಾರೋ ಪರಿಚಯದವರು ಪಾಸು ಕೊಡಿಸಿದರು, ಇವರು ಗ್ಯಾಲರಿಯಲ್ಲಿ ಕೂತು ಬಂದರು. ಅಂದಿನಿಂದ ನಮ್ಮ ಶಾಲೆಯಲ್ಲಿ ಸಂಸತ್ತು ಎಂದರೆ ನಂಜೇಗೌಡರು.

ಆ ತಿಂಗಳು ಸ್ಟಾಫಿನವರೆಲ್ಲ ಮುತ್ತತ್ತಿಗೆ ಹೋಗಿದ್ದೆವು. ಆಂಜನೇಯನಿಗೆ ಕೈಮುಗಿದು, ಹೊಳೆ ದಂಡೆಯಲ್ಲಿ ಬಿಸಿಬೇಳೆಬಾತಿನ ಪಾತ್ರೆ ಇಳಿಸಿದೆವು. ನಾನು ಬಡಿಸುತ್ತಿದ್ದೆ. ಉಳಿದವರೆಲ್ಲ ನಂಜೇಗೌಡರ ಸುತ್ತ ಕೂತಿದ್ದರು.

"ಅದೆಂಥಾ ಚೆಕ್ಕಿಂಗ್ ಅಂತೀರಾ! ಮೊಬೈಲು ಇಸ್ಕಂಡ್ರು, ಪೆನ್ನು ಇಸ್ಕಂಡ್ರು, ಕೊನೆಗೆ ಜೇಬಲ್ಲಿದ್ದ ಬಾಚಣಿಗೆನೂ ಇಸ್ಕಂಬುಟ್ರು ಕಣ್ರೀ," ಎಂದರು ಅವರು.

"ಅಯ್ಯೋ, ಬಾಚಣಿಗೆನೂವೆ?" ಎಂದು ಗಣಿತದ ಮೇಡಂ ಕೆನ್ನೆಗೆ ಕೈ ಇಟ್ಟುಕೊಂಡರು. ನಾನು ಸೌಟು ಹಿಡಿದುಕೊಂಡೇ, "ಸಂಸತ್ತಿನ ನಿಜವಾದ ಶಕ್ತಿ ಇರೋದು ಸರ್ಕಾರವನ್ನು ಪ್ರಶ್ನೆ ಕೇಳೋದರಲ್ಲಿ," ಎಂದು ಶುರುಮಾಡಿದೆ. ಮೇಡಂ ನನ್ನ ಕಡೆ ತಿರುಗಿದರು. "ಸಾ, ಇನ್ನೊಂಚೂರು ಬೂಂದಿ ಹಾಕಿ," ಎಂದರು.

ಇಷ್ಟನ್ನೂ ನಾನು ನುಂಗಿಕೊಂಡಿದ್ದೆ. ನುಂಗಲಾಗದ್ದು ಮಕ್ಕಳ ಸಂಸತ್ತಿನ ವಿಷಯ. ಪ್ರತಿವರ್ಷ ತಾಲ್ಲೂಕು ಮಟ್ಟದಲ್ಲಿ ಅಣಕು ಸಂಸತ್ತಿನ ಸ್ಪರ್ಧೆ ನಡೆಯುತ್ತದೆ. ಮಕ್ಕಳೇ ಪ್ರಧಾನಿ, ಮಕ್ಕಳೇ ವಿರೋಧ ಪಕ್ಷ. ಹನ್ನೊಂದು ವರ್ಷದಿಂದ ಅದಕ್ಕೆ ಮಾರ್ಗದರ್ಶಕ ನಾನೇ. ಹನ್ನೊಂದು ವರ್ಷವೂ ಸಮಾಧಾನಕರ ಬಹುಮಾನ ನಮಗೇ. ಆದರೂ ಆ ಒಂದು ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ವೇದಿಕೆಯ ಪಕ್ಕ ನಿಲ್ಲುವುದು ನನ್ನ ಪಾಲಿನ ದೊಡ್ಡ ಹಬ್ಬ. ಈ ಸಲ ಹೆಡ್ ಮೇಡಂ ಮೀಟಿಂಗಿನಲ್ಲಿ, "ನೀವು ಓದ್ಕೊಂಡು ಹೇಳ್ತೀರಿ, ನಂಜೇಗೌಡ್ರು ಕಣ್ಣಾರೆ ಕಂಡವ್ರೆ. ಅವ್ರೇ ಮಾಡ್ಲಿ ಬುಡಿ," ಎಂದುಬಿಟ್ಟರು. ನಾನು ನಕ್ಕೆ. ಆ ನಗು ನಗುವಾಗ ಒಳಗೆ ಏನಾಯಿತು ಎನ್ನುವುದನ್ನು ಬರೆದರೆ ನೀವು ನನ್ನನ್ನು ಮನೆಗೆ ಸೇರಿಸುವುದಿಲ್ಲ.

ನಂಜೇಗೌಡರು ತಮ್ಮ ಕಬಡ್ಡಿ ತಂಡವನ್ನೇ ಮಂತ್ರಿಮಂಡಲ ಮಾಡಿದರು. ಕ್ಯಾಪ್ಟನ್ನೇ ಪ್ರಧಾನಿ. ಆಡಳಿತ ಪಕ್ಷದಲ್ಲಿದ್ದ ನಾಲ್ಕು ಹೆಣ್ಣುಮಕ್ಕಳಿಗೆ ಒಂದು ಖಾತೆಯೂ ಇಲ್ಲ, ಮೇಜು ಕುಟ್ಟುವುದಷ್ಟೇ ಕೆಲಸ. ವಿರೋಧ ಪಕ್ಷದವರು ಒಂದೊಂದು ಪ್ರಶ್ನೆ ಕೇಳುವುದು, ಮಂತ್ರಿ ಉತ್ತರ ಓದುವುದು, ಕೇಳಿದವರು "ಧನ್ಯವಾದ" ಎಂದು ಕೂರುವುದು. ಇದಕ್ಕೆ ಸಮಾಧಾನಕರ ಬಹುಮಾನವೂ ಬಾರದು ಎಂದು ಒಳಗೊಳಗೇ ಖುಷಿಪಟ್ಟೆ. ಆದರೂ ಸಮಾಧಾನವಾಗಲಿಲ್ಲ. ವಿರೋಧ ಪಕ್ಷದ ನಾಯಕಿ ಭವ್ಯ ನನ್ನ ಹತ್ತನೇ ತರಗತಿಯ ಹುಡುಗಿ. ಅವಳನ್ನು ಕಾರಿಡಾರಿನಲ್ಲಿ ನಿಲ್ಲಿಸಿ, ಸುಮ್ಮನೆ ಪಾಠದ ಮಾತು ಎನ್ನುವಂತೆ ಹೇಳಿದೆ: "ಪ್ರಧಾನಿ ಎಷ್ಟೇ ದೊಡ್ಡವರಿರಲಿ ಕಣಮ್ಮ, ಲೋಕಸಭೆಯ ವಿಶ್ವಾಸ ಇರೋವರೆಗೆ ಮಾತ್ರ. ಅವಿಶ್ವಾಸ ನಿರ್ಣಯ ಗೆದ್ದರೆ ಇಡೀ ಮಂತ್ರಿಮಂಡಲ ಎದ್ದು ಹೋಗಬೇಕು."

ಭವ್ಯ ಬೆರಳು ಮಡಿಸಿ ಎಣಿಸಿದಳು. "ಎಷ್ಟು ಜನ ಬೇಕು ಸಾ?"

"ಅರ್ಧಕ್ಕಿಂತ ಜಾಸ್ತಿ. ಎಲ್ಲಿಂದ ತರ್ತೀಯೋ ಅದು ನಿಂಗೆ ಬಿಟ್ಟಿದ್ದು."

ಪಕ್ಷಾಂತರ ನಿಷೇಧ ಕಾಯ್ದೆ ಮಕ್ಕಳ ಸಂಸತ್ತಿಗೆ ಅನ್ವಯಿಸುತ್ತದೆಯೇ ಎಂದು ಸ್ಪರ್ಧೆಯ ನಿಯಮಾವಳಿಯನ್ನು ಮನೆಯಲ್ಲಿ ಎರಡು ಸಲ ಓದಿದೆ. ಅನ್ವಯಿಸುವುದಿಲ್ಲ.

ಮಳವಳ್ಳಿಯಲ್ಲಿ ಸ್ಪರ್ಧೆ. ನಾನು ಕೊನೆಯ ಸಾಲಿನಲ್ಲಿ ಕೂತೆ. ಎರಡನೇ ಪ್ರಶ್ನೆಗೆ ಆರೋಗ್ಯ ಮಂತ್ರಿ ಉತ್ತರ ಓದಿ ಮುಗಿಸಿದ್ದೇ, ಭವ್ಯ ಎದ್ದಳು. ಧನ್ಯವಾದ ಹೇಳಲಿಲ್ಲ. "ಸಭಾಧ್ಯಕ್ಷರೇ, ಈ ಸರ್ಕಾರದ ಮೇಲೆ ಸದನಕ್ಕೆ ವಿಶ್ವಾಸ ಇಲ್ಲ," ಎಂದಳು. ಪ್ರಧಾನಿ ಕೈಯಲ್ಲಿದ್ದ ಹಾಳೆ ತಿರುಗಿಸಿ ಹಿಂದೆ ಮುಂದೆ ಹುಡುಕಿದ. ಅದರಲ್ಲಿ ಇದು ಇರಲಿಲ್ಲ. ಸಭಾಧ್ಯಕ್ಷೆ ಪಾಪ, ನನ್ನ ಪಾಠ ಚೆನ್ನಾಗಿ ಕೇಳಿದವಳು, ಮತಕ್ಕೆ ಹಾಕಿಯೇಬಿಟ್ಟಳು. ಖಾತೆಯಿಲ್ಲದ ನಾಲ್ಕು ಹೆಣ್ಣುಮಕ್ಕಳು ಒಟ್ಟಿಗೆ ಎದ್ದು ಭವ್ಯಳ ಕಡೆ ನಡೆದರು. ಹದಿನೈದು, ಹತ್ತು. ಸರ್ಕಾರ ಬಿತ್ತು. ಪ್ರಧಾನಿ, "ಏಯ್, ಇದು ಮೋಸ ಕಣ್ಲಾ!" ಎಂದು ಮೈಕಿನಲ್ಲೇ ಕೂಗಿದ. ನಂಜೇಗೌಡರ ಕೈ ಕೊರಳಿನ ವಿಷಲ್‌ಗೆ ಹೋಯಿತು. ನಾನು ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡೆ. ಜೀವನದಲ್ಲಿ ಅಷ್ಟು ಸುಖ ನನಗೆ ಎರಡೋ ಮೂರೋ ಸಲ ಸಿಕ್ಕಿದೆ.

ಆಗ ತೀರ್ಪುಗಾರರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮಕ್ಕಳ ಸಂಸತ್ತಿನಲ್ಲಿ ಬಾಯಿಪಾಠ ಕೇಳಿ ಕೇಳಿ ಸಾಕಾಗಿತ್ತು, ಸಂಸತ್ತಿನ ಅಧಿಕಾರ ಎಂದರೆ ಏನೆಂದು ತೋರಿಸಿದವರು ಇವರೇ ಮೊದಲು ಎಂದರು. ಪ್ರಥಮ ಬಹುಮಾನ. ನಂಜೇಗೌಡರಿಗೆ ಶಾಲು, ಹಾರ. ಮುಂದೆ ಮಂಡ್ಯದಲ್ಲಿ ಜಿಲ್ಲಾ ಮಟ್ಟ. ಹೆಡ್ ಮೇಡಂ ನನ್ನ ಕಡೆ ತಿರುಗಿ, "ನೋಡುದ್ರಾ, ಕಣ್ಣಾರೆ ಕಂಡವ್ರಿಗೂ ಓದ್ದವ್ರಿಗೂ ಇರೋ ವ್ಯತ್ಯಾಸ?" ಎಂದರು. ಭವ್ಯ ಓಡಿ ಬಂದು, "ಸಾ, ನೀವ್ ಯೋಳ್ಕೊಟ್ಟಿದ್ದು ಅಂತ ಮೇಡಂಗೆ ಯೋಳ್ಬುಡ್ಲಾ?" ಎಂದಳು. ಯಾಕೆ ಹೇಳಿಕೊಟ್ಟೆ ಎಂದು ಮೇಡಂ ಕೇಳಿದರೆ ನಾನೇನು ಹೇಳಲಿ? "ಬ್ಯಾಡ ಕಣಮ್ಮ, ಸುಮ್ನಿರು," ಎಂದೆ.

ಸಂಜೆ ನನಗೂ ನಂಜೇಗೌಡರಿಗೂ ಮಂಡ್ಯದ ನೇರ ಬಸ್ಸು ತಪ್ಪಿತು. ಮದ್ದೂರಿನ ಮೇಲೆ ಹೋಗುವ ಬಸ್ಸು ಹತ್ತಿದೆವು. ನಂಜೇಗೌಡರು ಹಾರದ ಸಮೇತ ನನ್ನ ಪಕ್ಕದಲ್ಲೇ ಕೂತರು. ಮದ್ದೂರಿನ ನಿಲ್ದಾಣದಲ್ಲಿ ಬಸ್ಸು ಖಾಲಿಯಾದಾಗ ಮೆಲ್ಲಗೆ, "ಸಾ, ಆ ಅವಿಸ್ವಾಸ ಅಂದ್ರೆ ಏನು ವಸಿ ಬುಡ್ಸಿ ಯೋಳಿ. ಮಂಡ್ಯದಲ್ಲಿ ಕೇಳುದ್ರೆ ನಾನೇನ್ ಮಾಡ್ಲಿ?" ಎಂದರು.

"ನೀವು ನೋಡಿ ಬಂದವರಲ್ವಾ!" ನನ್ನ ದನಿಯಲ್ಲಿದ್ದ ಖಾರ ಅವರಿಗೆ ಕೇಳಿಸಲಿಲ್ಲ.

"ಯಾರ್ಗೂ ಯೋಳ್ಬೇಡಿ ಸಾ. ನಾನ್ ಒಳೀಕ್ ಓದೆ, ಕೂತ್ಕಂಡೆ, ಅವ್ರು ಗಲಾಟೆ ಸುರು ಮಾಡುದ್ರು, ಸಭೆ ಮುಂದಕ್ ಹಾಕ್ಬುಟ್ರು. ಎಲ್ಲಾ ಸೇರಿ ಐದೇ ನಿಮಿಸ. ಊರಿಗ್ ಬಂದು ಅದ್ನೆಂಗ್ ಯೋಳೋದು?"

ಐದು ನಿಮಿಷ! ಆಮೇಲೆ ನನ್ನ ಬಾಯಿಂದ ಬಂದ ಮಾತು ಕೇಳಿ ನನಗೇ ನಾಚಿಕೆಯಾಯಿತು. "ಒಳಗೆ ಕಾರ್ಪೆಟ್ಟು ಹಸಿರು ಬಣ್ಣದ್ದೇನಾ?" ಎಂದು ಕೇಳಿದ್ದೆ.

"ಅಸಿರೇ ಸಾ. ಗರಿಕೆ ಅಸಿರು. ಚೆಂದಾಗದೆ."

ಇಪ್ಪತ್ನಾಲ್ಕು ವರ್ಷ ಮಕ್ಕಳಿಗೆ ನಾನು ಹಸಿರು ಎಂದಷ್ಟೇ ಹೇಳಿದ್ದೇನೆ, ಗರಿಕೆ ಹಸಿರು ಎಂದು ನನಗೆ ಗೊತ್ತಿರಲಿಲ್ಲ. ಅವಿಶ್ವಾಸ ನಿರ್ಣಯವನ್ನು ಮಂಡ್ಯ ಬರುವವರೆಗೂ ಬಿಡಿಸಿ ಹೇಳಿದೆ. ಅವರ ಗುಟ್ಟನ್ನು ಈವರೆಗೆ ಸ್ಟಾಫ್ ರೂಮಿನಲ್ಲಿ ಯಾರಿಗೂ ಹೇಳಿಲ್ಲ. ನನ್ನದು ದೊಡ್ಡ ಮನಸ್ಸು ಎಂದುಕೊಳ್ಳಬೇಡಿ. ವರ್ಷಪೂರ್ತಿ ನಾನು ಹೊಟ್ಟೆ ಉರಿದುಕೊಂಡದ್ದು ಬರೀ ಐದು ನಿಮಿಷಕ್ಕೆ ಎಂದು ಗೊತ್ತಾದರೆ ನನ್ನ ಮರ್ಯಾದೆ ಏನಾಗಬೇಕು?