ಕಳೆ ಇಲ್ಲದ ಮೂರ್ತಿ

ಬಸವಕುಮಾರ ಕೆತ್ತಿದ ಯಾವ ಮೂರ್ತಿಯ ಮುಖದಲ್ಲೂ ಕಳೆ ಇರುತ್ತಿರಲಿಲ್ಲ. ಅರಸೀಕೆರೆಯ ಅಪ್ಪನ ಕೊಬ್ಬರಿ ಮಂಡಿ ಬಿಟ್ಟು, ಹಳೇಬೀಡಿಗೆ ಬಂದು ಉಳಿ ಹಿಡಿದು ಮೂರು ವರ್ಷವಾಗಿತ್ತು. ಅಲ್ಲಿನ ದೇವಸ್ಥಾನ ನೋಡಿ ಬಂದ ಕಣ್ಣಿಗೆ ಇವನ ಕಲ್ಲು ಹಿಡಿಸುವುದಾದರೂ ಹೇಗೆ? ಅಪ್ಪ ಷಡಕ್ಷರಪ್ಪ ಫೋನಿನಲ್ಲೇ ಗಡುವು ಕೊಟ್ಟುಬಿಟ್ಟರು. "ಶನಿವಾರದೊಳಗೆ ಒಬ್ಬರಾದ್ರೂ ನಿನ್ನ ಮೂರ್ತಿ ಒಯ್ಯಲಿ. ಇಲ್ಲಾಂದ್ರೆ ಭಾನುವಾರ ಬಂದು ಮಂಡೀಲಿ ಕೂತ್ಕೋ."

ಶುಕ್ರವಾರ ಸಂಜೆ ಬೇಲೂರಿನಲ್ಲಿ ಬೈಬಲ್ ಪಾಠ ಹೇಳುವ ಜೀವರತ್ನ ಮೇಷ್ಟ್ರು ಇವನ ಶೆಡ್ಡಿಗೆ ಬಂದರು. ಮೂಲೆಯಲ್ಲೊಂದು ಮೊಣಕಾಲೆತ್ತರದ ಮೂರ್ತಿ ಇತ್ತು. ಅದು ಭೈರವನಾಗಿ ಶುರುವಾಗಿ, ಮೂಗು ಹಾರಿದ ಮೇಲೆ ದ್ವಾರಪಾಲಕನಾಗಿ, ಕೊನೆಗೆ ಯಾರೂ ಅಲ್ಲದವನಾಗಿ ನಿಂತಿತ್ತು.

"ಆಹಾ! ಎಲೀಲಿಮ್ ಅಂದ್ರೆ ಇದೇ!" ಎಂದರು ಮೇಷ್ಟ್ರು.

"ಅದ್ಯಾವ ದೇವ್ರು ಸಾರ್?"

"ದೇವರಲ್ಲ ಕಣ್ರೀ. ಸುಳ್ಳು ದೇವರುಗಳಿಗೆ ಹಳೇ ಒಡಂಬಡಿಕೇಲಿ ಬರೋ ಹೀಬ್ರೂ ಹೆಸರು. ಕೈಲಾಗದ್ದು, ಕೆಲಸಕ್ಕೆ ಬಾರದ್ದು ಅಂತ ಅರ್ಥ. ಅವರ ಭಾಷೇಲಿ ದೇವರಿಗೆ ಎಲ್ ಅಂತಾರೆ. ಆ ಮಾತನ್ನೇ ಅಣಕಿಸಿ ಹೀಗಂದ್ರು ಅಂತ ಕೆಲವರು ಹೇಳ್ತಾರೆ. ನನ್ನ ಪಾಠಕ್ಕೆ ಒಂದು ಬೇಕಿತ್ತು. ನೋಡಿದ್ರೆ ಯಾರಿಗೂ ಕೈಮುಗಿಯೋಣ ಅನ್ನಿಸಬಾರದು. ನಿಮ್ಮದು ಹೇಳಿ ಮಾಡಿಸಿದ ಹಾಗಿದೆ! ನಾಳೆ ತಂದುಕೊಡಿ."

ಬಸವಕುಮಾರನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಆದರೂ ಮಂಡಿ ತಪ್ಪಿತಲ್ಲ ಎಂದು ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡಿದ.

ಬೆಳಿಗ್ಗೆ ಬೇಲೂರು ಬಸ್ಸು ಹಿಡಿಯಲು ಹಗರೆಯಲ್ಲಿ ಇಳಿಯುವಾಗ ಮೂರ್ತಿಯಿದ್ದ ಗೋಣಿಚೀಲ ಹರಿಯಿತು. ಮೂರ್ತಿಯನ್ನು ಅಶ್ವತ್ಥಕಟ್ಟೆಯ ಮೇಲೆ ಮರಕ್ಕೊರಗಿಸಿ ನಿಲ್ಲಿಸಿ, ಬೇರೆ ಚೀಲ ಕೇಳಲು ಅಂಗಡಿಗೆ ಹೋದ. ಹೋದವನು ಟೀ ಕುಡಿದ. ಕುಡಿದವನು ಪೇಪರನ್ನೂ ಓದಿದ. ಅಂದು ಶನಿವಾರ, ಹೆಂಗಸರು ಅಶ್ವತ್ಥ ಸುತ್ತುವ ದಿನ ಎಂಬುದು ಮಾತ್ರ ಅವನಿಗೆ ಹೊಳೆಯಲಿಲ್ಲ.

ಬಂದು ನೋಡಿದರೆ ಮೂರ್ತಿಗೆ ಅರಿಶಿನ, ಕುಂಕುಮ, ದಾಸವಾಳ. ಮುಂದೆ ಒಡೆದ ತೆಂಗಿನಕಾಯಿ.

"ಅಮ್ಮಾ, ಇದು ನಂದು!" ಎಂದು ಕೈಹಾಕಲು ಹೋದ.

"ಮುಟ್ಟೀಯೆ!" ಪೂಜೆಗೆ ನಿಂತಿದ್ದ ಆ ಊರಿನ ಸುಮಿತ್ರಮ್ಮ ಗದರಿದರು. "ಮೂರು ದಿನದಿಂದ ಬಕೀಟು ಒದೀತಿದ್ದ ನಮ್ಮ ಹಸು, ನಾನು ಸ್ವಾಮಿಗೆ ಕೈಮುಗಿದು ಮನೇಗೆ ಹೋಗ್ತಿದ್ದಂಗೆ ಅಲುಗಾಡ್ದೆ ನಿಂತು ಹಾಲು ಕೊಟ್ಟೈತೆ!"

"ಆರು ಗಂಟೇಲಿ ಇಲ್ಲಿ ಏನೂ ಇರ್ಲಿಲ್ಲ, ಎಂಟಕ್ಕೆ ಐತೆ," ಎಂದ ಅವರ ಗಂಡ ಗಂಗಯ್ಯ. "ಉದ್ಭವಮೂರ್ತಿ ಕಣ್ಲಾ!"

ಬಸವಕುಮಾರ ಗಾಬರಿಯಾಗಿ ಮೇಷ್ಟ್ರಿಗೆ ಫೋನ್ ಮಾಡಿದ. ಅವರು ಬೈಕಿನಲ್ಲಿ ಬಂದರು, ಜನರ ಹಿಂದೆ ನಿಂತು ಬಹಳ ಹೊತ್ತು ನೋಡಿದರು.

"ಬೇಡ ಬಸವಕುಮಾರ್. ಇವರು ನಂಬಿ ಪೂಜಿಸ್ತಿರೋದನ್ನ ಎತ್ಕೊಂಡು ಹೋಗೋದು ಮರ್ಯಾದೆ ಅಲ್ಲ. ಅಲ್ಲದೆ ಈಗ ಇದು ನನ್ನ ಪಾಠಕ್ಕೆ ಬರಲ್ಲ. ಮುಖ ನೋಡ್ರೀ, ಎಂಥಾ ಕಳೆ ಬಂದಿದೆ!"

ಕಳೆ! ಮೂರು ವರ್ಷ ಕಾದಿದ್ದ ಮಾತು ಅದು. ಬಸವಕುಮಾರನ ಕಣ್ಣು ತುಂಬಿಬಂತು. ಮೇಷ್ಟ್ರ ಬೈಕು ಹೊರಟುಹೋದದ್ದೂ ಅವನಿಗೆ ತಿಳಿಯಲಿಲ್ಲ. ಮೂರ್ತಿ ಹೋದರೆ ಹೋಗಲಿ, ಇಷ್ಟು ಜನ ಒಪ್ಪಿದ್ದಾರೆಂದರೆ ಅಪ್ಪನೂ ಒಪ್ಪಿಯಾರು.

"ಅಮ್ಮಾ, ಆಣೆ ಮಾಡಿ ಹೇಳ್ತೀನಿ, ಇದನ್ನ ಕೆತ್ತಿದ್ದು ನಾನು! ಅರಸೀಕೆರೆ ಮಂಡೀಲಿರೋ ನಮ್ಮಪ್ಪಂಗೆ ಫೋನ್ ಮಾಡ್ಕೊಡ್ತೀನಿ, ಮೂರ್ತಿಗೆ ಕಳೆ ಇದೆ ಅಂತ ಒಂದು ಮಾತು ಹೇಳಿ ಸಾಕು. ಬೇಕಾದ್ರೆ ಇನ್ನೊಂದು ತಂದು ತೋರಿಸ್ಲಾ?" ಎನ್ನುತ್ತಾ ಮೊಬೈಲಿನಲ್ಲಿ ತನ್ನ ಉಳಿದ ಮೂರ್ತಿಗಳ ಫೋಟೋ ಅವರ ಮುಂದೆ ಹಿಡಿದ.

ಸುಮಿತ್ರಮ್ಮ ಒಂದೊಂದನ್ನೇ ನೋಡಿದರು. ಅವರ ಸಿಟ್ಟು ಇಳಿದು ಮರುಕ ಬಂತು. ಒಂದು ಹೋಳು ತೆಂಗಿನಕಾಯಿ ಅವನ ಕೈಗಿಟ್ಟು, ಭುಜ ಹಿಡಿದು ಮೂರ್ತಿಯ ಮುಂದೆ ಕೂರಿಸಿದರು.

"ಇವಕ್ಕೆ ಕಳೇನೇ ಇಲ್ವಲ್ಲೋ ಮಗ. ಇಲ್ಲೇ ಕೂತು ನಮ್ಮ ಸ್ವಾಮೀನ ಚೆನ್ನಾಗಿ ನೋಡ್ಕೋ. ಕೆತ್ತೋದಾದ್ರೆ ಹಿಂಗ್ ಕೆತ್ತೋದ್ ಕಲಿ. ಆಗಾಕಿಲ್ಲ ಅಂದ್ರೆ ಬೇರೆ ಯಾವ್ದಾದ್ರೂ ಕಸುಬು ನೋಡ್ಕೋ. ನಿಮ್ಮಪ್ಪಂಗೆ ಏನೈತೆ, ಕೊಬ್ರಿ ವ್ಯಾಪಾರವಾ?"